ಸಿಕ್ಕಿದ ಪದವೂ ದಕ್ಕಿದ ಪದವೂ

ಭಾಷೆಯೊಡನೆ ಮನುಷ್ಯನು ನಡೆಸುವ ವ್ಯವಹಾರಗಳಲ್ಲಿ ಆಟವೂ ಒಂದು. ಒಗಟು, ಚಿತ್ರಕವಿತ್ವ, ಅಂತ್ಯಾಕ್ಷರಿ, ಪದಬಂಧ ಇವೆಲ್ಲ ಆ ವ್ಯವಹಾರದ ಬೇರೆ ಬೇರೆ ಬಗೆಗಳು. ಇವುಗಳ ಸಾಲಿನಲ್ಲಿ ಇಂಗ್ಲಿಷು ಭಾಷೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದು, ಈಗ ನಮ್ಮ ಮಕ್ಕಳ ಕೈಯ ಮೊಬೈಲಿನವರೆಗೂ ಬಂದು ತಲುಪಿರುವ ಆಟವೊಂದುಂಟು. ಕೆಲವು ಅಕ್ಷರಗಳನ್ನು ಮುಂದಿಟ್ಟು, ಅವು ಅಡಗಿರುವ ಪದಗಳನ್ನು ಕಂಡುಹಿಡಿಯಿರಿ ಎಂದು ಕೇಳುವುದೇ ಆ ಆಟ. ಮೇಲುನೋಟಕ್ಕೆ ಇದು ಹೊತ್ತು ಕಳೆಯುವ ವಿನೋದ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಇದರೊಳಗೆ ಹಳೆಯ ಪ್ರಶ್ನೆಯೊಂದು ಕುಳಿತಿರುವುದು ಕಾಣುತ್ತದೆ. ಪದವು ಸಿಕ್ಕಿದ ಮಾತ್ರಕ್ಕೆ ದಕ್ಕಿದಂತಾಯಿತೆ? ಅರ್ಥವನ್ನರಿಯದೆ ಪದವನ್ನು ಕೈಗೆತ್ತಿಕೊಳ್ಳುವವನಿಗೆ ಆ ಪದದ ವಿಷಯದಲ್ಲಿ ಹೊಣೆಯೇನಾದರೂ ಉಂಟೆ? ಈ ಪ್ರಶ್ನೆಯನ್ನು ವಾಚಕರೊಡನೆ ಕೂಡಿ ವಿಚಾರ ಮಾಡಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಎಲ್, ಐ, ಎಸ್, ಟಿ, ಇ, ಎನ್ ಎಂಬ ಆರು ಇಂಗ್ಲಿಷು ಅಕ್ಷರಗಳನ್ನು ತೆಗೆದುಕೊಳ್ಳೋಣ. ಇದೇ ಕ್ರಮದಲ್ಲಿ ಬರೆದರೆ ‘ಲಿಸನ್’ ಎಂಬ ಪದವಾಗುತ್ತದೆ. ಕಿವಿಗೊಟ್ಟು ಕೇಳು ಎಂದು ಅದರ ಅರ್ಥ. ಇವನ್ನೇ ಸ್ಥಾನಪಲ್ಲಟ ಮಾಡಿದರೆ ‘ಸೈಲೆಂಟ್’ ಆಗುತ್ತದೆ. ಅದು ಮೌನವನ್ನು ಹೇಳುವ ಪದ. ಮತ್ತೊಮ್ಮೆ ಕಲಸಿದರೆ ‘ಎನ್‌ಲಿಸ್ಟ್’, ಸೈನ್ಯಕ್ಕೆ ಹೆಸರು ಬರೆಸುವುದು. ಇನ್ನೊಮ್ಮೆ ಕಲಸಿದರೆ ‘ಟಿನ್ಸೆಲ್’, ಹಬ್ಬದ ಅಲಂಕಾರಕ್ಕೆ ಬಳಸುವ ಮಿರುಗುವ ಎಳೆ. ಮಗುದೊಮ್ಮೆ ‘ಇನ್‌ಲೆಟ್ಸ್’, ಕಡಲು ನೆಲದೊಳಕ್ಕೆ ಚಾಚಿಕೊಂಡ ಕಿರುಕೊಲ್ಲಿಗಳು. ಈ ಆರರ ಜೊತೆಗೆ ಜಿ ಎಂಬ ಒಂದೇ ಅಕ್ಷರವನ್ನು ಕೂಡಿಸಿದರೆ ಹೊಳೆಯುವುದನ್ನು ಹೇಳುವ ‘ಗ್ಲಿಸನ್’, ಒಳಗಿನ ಬನಿಯನ್ನನ್ನು ಹೇಳುವ ‘ಸಿಂಗ್ಲೆಟ್’, ಮೈ ಜುಮ್ಮೆನ್ನುವುದನ್ನು ಹೇಳುವ ‘ಟಿಂಗಲ್ಸ್’ ಎಂಬ ಮೂರು ಪದಗಳು ಎದ್ದು ಬರುತ್ತವೆ. ಆರು ಬೇರೆ ಬೇರೆ ಅಕ್ಷರಗಳನ್ನು ಸಾಲಾಗಿ ಇಡಬಹುದಾದ ಬಗೆಗಳು ಒಟ್ಟು ೭೨೦, ಏಳಾದರೆ ೫,೦೪೦. ಅಷ್ಟರಲ್ಲಿ ಬೆರಳೆಣಿಕೆಯಷ್ಟು ಸಾಲುಗಳಿಗೆ ಮಾತ್ರ ಪದವೆಂಬ ಪದವಿ ದೊರೆತಿದೆ. ಉಳಿದವೆಲ್ಲ ನಾಲಗೆಗೂ ಒದಗದ ಗೊಂದಲ. ಆ ಗೊಂದಲದ ರಾಶಿಯೊಳಗಿಂದ ಪದವನ್ನು ಹೆಕ್ಕಿ ತೆಗೆಯುವಾಗ ಆಗುವ ಸಂತೋಷವು ಕಲ್ಲಿನ ನಡುವೆ ಅಕ್ಕಿಯ ಕಾಳು ಸಿಕ್ಕಿದಾಗಿನ ಸಂತೋಷ.

ಇಲ್ಲಿ ನಮ್ಮ ಲಿಪಿಗೂ ಇಂಗ್ಲಿಷಿಗೂ ಇರುವ ಒಂದು ಭೇದವನ್ನು ಗಮನಿಸಬೇಕು. ಕನ್ನಡದಲ್ಲಿ ಅಕ್ಷರವೆಂದರೆ ಉಚ್ಚಾರಣೆಯ ಒಂದು ತುಂಡು. ‘ಕನಕ’ ಎಂಬುದನ್ನು ಹಿಂದುಮುಂದಾಗಿ ಓದಿದರೂ ಕನಕವೇ. ಕಣ್ಣು ಕಂಡದ್ದನ್ನು ಕಿವಿಯೂ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಲಿಸನ್’ ಪದದಲ್ಲಿ ಟಿ ಅಕ್ಷರವು ಬರಹದಲ್ಲಿದ್ದೂ ಬಾಯಲ್ಲಿಲ್ಲ. ‘ಸೈಲೆಂಟ್’ ಪದದಲ್ಲಿ ಅದೇ ಟಿ ಗಟ್ಟಿಯಾಗಿ ಕೇಳುತ್ತದೆ. ಐ ಅಕ್ಷರವು ಒಂದು ಕಡೆ ‘ಇ’ ಎಂದೂ ಇನ್ನೊಂದು ಕಡೆ ‘ಐ’ ಎಂದೂ ನುಡಿಯುತ್ತದೆ. ಆದುದರಿಂದ ಈ ಆಟದಲ್ಲಿ ಅಕ್ಷರಗಳು ಮೊದಲು ಧ್ವನಿಯಿಂದ ಬೇರೆಯಾಗುತ್ತವೆ, ಅನಂತರ ಅರ್ಥದಿಂದಲೂ ಬೇರೆಯಾಗುತ್ತವೆ. ಕೊನೆಗೆ ಉಳಿಯುವುದು ಬರಿಯ ಗುರುತುಗಳು.

ಕಿವಿಗೊಡುವುದಕ್ಕೂ ಮೌನಕ್ಕೂ ಒಂದೇ ಅಕ್ಷರಗಳಿರುವುದನ್ನು ಕಂಡು, ಇದರಲ್ಲಿ ಏನೋ ಗೂಢವಾದ ಉಪದೇಶವಿದೆಯೆಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಉಪದೇಶವೇನೋ ಒಳ್ಳೆಯದೇ, ಮೌನವಿಲ್ಲದೆ ಕೇಳುವುದಾಗದು. ಆದರೆ ಅಕ್ಷರಗಳು ಅದಕ್ಕೆ ಸಾಕ್ಷಿಯಲ್ಲ. ಒಂದು ಪದವು ಹಳೆಯ ಇಂಗ್ಲಿಷಿನ ಸ್ವಂತ ಬೇರಿನಿಂದ ಬಂದದ್ದು. ಇನ್ನೊಂದು ಲ್ಯಾಟಿನಿನಿಂದ ಬಂದದ್ದು. ಇವೆರಡೂ ಒಂದೇ ಆರು ಅಕ್ಷರಗಳಲ್ಲಿ ಸೇರಿದ್ದು ಸಂತೆಯಲ್ಲಿ ಅಪರಿಚಿತರಿಬ್ಬರು ಒಂದೇ ಬಣ್ಣದ ಅಂಗಿ ತೊಟ್ಟು ಎದುರಾದಂತೆ. ನಂಟನ್ನು ಕಲ್ಪಿಸಿದವರು ನಾವು. ಅರ್ಥವು ಅಕ್ಷರಗಳಲ್ಲಿ ತಾನಾಗಿ ಮಲಗಿರುವುದಿಲ್ಲ. ಆಡುವ ಬಾಯಿಗಳೂ ಕೇಳುವ ಕಿವಿಗಳೂ ತಲೆಮಾರುಗಳುದ್ದಕ್ಕೂ ಅದನ್ನು ಅಲ್ಲಿ ಇರಿಸುತ್ತ ಬಂದಿರುತ್ತವೆ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಇನ್ನು ಹುಡುಕುವ ಮಾರ್ಗ. ನುರಿತ ಆಟಗಾರನು ೫,೦೪೦ ಸಾಲುಗಳನ್ನೂ ಪರೀಕ್ಷಿಸುತ್ತ ಕೂರುವುದಿಲ್ಲ. ಪದದ ಕೊನೆಯಲ್ಲಿ ಮತ್ತೆ ಮತ್ತೆ ಬರುವ ‘ಇಂಗ್’, ‘ಎಡ್’, ‘ಅರ್’ ಮುಂತಾದ ಪ್ರತ್ಯಯಗಳನ್ನು ಮೊದಲು ಬೇರ್ಪಡಿಸಿ, ಉಳಿದ ಕೆಲವೇ ಅಕ್ಷರಗಳಲ್ಲಿ ಧಾತುವನ್ನು ಅರಸುತ್ತಾನೆ. ಅಂದರೆ ಭಾಷೆಯ ಕಟ್ಟಡವನ್ನು ಬಲ್ಲವನಿಗೆ ದಾರಿ ಹತ್ತಿರವಾಗುತ್ತದೆ. ಗಣಕಯಂತ್ರದ ಮಾರ್ಗ ಬೇರೆ. ಅದು ನಿಘಂಟಿನ ಪ್ರತಿಯೊಂದು ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮಕ್ಕೆ ತಂದು, ಆ ಸಾಲನ್ನು ಪದಕ್ಕೆ ಕೀಲಿಯಾಗಿ ಕಟ್ಟಿಡುತ್ತದೆ. ಮೇಲೆ ಹೇಳಿದ ಐದು ಪದಗಳ ಕೀಲಿಯೂ ಇ, ಐ, ಎಲ್, ಎನ್, ಎಸ್, ಟಿ ಎಂಬ ಒಂದೇ ಸಾಲು. ಒಂದೇ ಕೀಲಿಯ ಪದಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ. ಯಾರಾದರೂ ಆರು ಅಕ್ಷರಗಳನ್ನು ಹೇಗೇ ಕಲಸಿ ಕೊಡಲಿ, ಅವನ್ನು ಕ್ರಮಕ್ಕೆ ತಂದು ಆ ಪೆಟ್ಟಿಗೆಯನ್ನು ತೆರೆದರೆ ಮುಗಿಯಿತು. ಕಣ್ಣೆವೆ ಇಕ್ಕುವುದರೊಳಗೆ ಎಲ್ಲ ಉತ್ತರಗಳೂ ಹೊರಬೀಳುತ್ತವೆ. ಈ ಉಪಾಯವು ಬಹಳ ಸರಳ, ಬಹಳ ಜಾಣತನದ್ದು; ಆದರೆ ಇದಕ್ಕೆ ಒಂದು ಪದದ ಅರ್ಥವೂ ತಿಳಿದಿರಬೇಕಾದುದಿಲ್ಲ.

ಹೀಗಿರಲು, ಯಂತ್ರವನ್ನು ಕೇಳಿ ಉತ್ತರ ಪಡೆಯುವುದು ಕಪಟವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ಉತ್ತರ ಹೀಗಿದೆ. ಉತ್ತರವೇ ಬೇಕಾದವನು ಯಂತ್ರವನ್ನು ಕೇಳಿದರೆ ತಪ್ಪೇನೂ ಇಲ್ಲ. ನಿಘಂಟನ್ನು ತೆರೆಯುವುದು ಪಾಪವಲ್ಲವಷ್ಟೆ. ಆದರೆ ತಾನೇ ಹುಡುಕುತ್ತೇನೆಂದು ಇನ್ನೊಬ್ಬನೆದುರು ಒಪ್ಪಿ ಕುಳಿತವನು ಗುಟ್ಟಾಗಿ ಯಂತ್ರವನ್ನು ಕೇಳಿದರೆ ಅವನು ಕದ್ದದ್ದು ಪದವನ್ನಲ್ಲ, ಎದುರಾಳಿಯ ನಂಬಿಕೆಯನ್ನು. ೨೦೧೨ರಲ್ಲಿ ಅಮೆರಿಕದ ಆರ್ಲ್ಯಾಂಡೊ ನಗರದಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ, ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆಗಳನ್ನು ಬಚ್ಚಿಟ್ಟುಕೊಂಡ ಆಟಗಾರನೊಬ್ಬನನ್ನು ಹೊರಗೆ ಕಳುಹಿಸಿದರು. ವಿಚಿತ್ರವೆಂದರೆ ಅದೇ ಆಟದಲ್ಲಿ ನಿಘಂಟಿನಲ್ಲಿಲ್ಲದ ಪದವೊಂದನ್ನು ಗಂಭೀರವದನನಾಗಿ ಮಣೆಯ ಮೇಲೆ ಹೂಡುವುದಕ್ಕೆ ಅಡ್ಡಿಯಿಲ್ಲ. ಎದುರಾಳಿ ಆಕ್ಷೇಪಿಸಿದರೆ ಆ ಪದ ಹಿಂದಕ್ಕೆ ಬರುತ್ತದೆ; ಆಕ್ಷೇಪಿಸದಿದ್ದರೆ ಅಂಕ ಸಲ್ಲುತ್ತದೆ. ಒಂದು ವಂಚನೆಗೆ ಶಿಕ್ಷೆ, ಇನ್ನೊಂದಕ್ಕೆ ಬಹುಮಾನವೇ ಎಂದು ಕೇಳಬಹುದು. ಎರಡನೆಯದು ಇಬ್ಬರಿಗೂ ಮೊದಲೇ ಗೊತ್ತಿದ್ದ ಒಪ್ಪಂದದ ಒಳಗಿನದು. ಎದುರಾಳಿಯು ಎಚ್ಚರವಾಗಿರಬೇಕೆಂಬುದೇ ಅಲ್ಲಿನ ಕಟ್ಟಳೆ. ಮೊದಲನೆಯದು ಒಪ್ಪಂದವನ್ನೇ ಮುರಿಯುವಂಥದು. ಒಪ್ಪಂದದೊಳಗೆ ನಿಂತು ಆಡಿದರೆ ಆಟದಲ್ಲಿ ದೋಷವಿಲ್ಲ ಎಂದು ಇಷ್ಟರಿಂದ ಹೇಳಿಬಿಡಬಹುದೆ? ಹೇಳಬಹುದೆಂದೇ ತೋರುತ್ತದೆ. ಆದರೆ ಒಪ್ಪಂದವಿರುವುದು ಆಡುವ ಇಬ್ಬರ ನಡುವೆ. ಪದವು ಆ ಇಬ್ಬರಿಗೆ ಮಾತ್ರ ಸೇರಿದ್ದಲ್ಲ. ತೊಡಕು ಇರುವುದು ಅಲ್ಲಿ.

ಮೇಲೆ ಬಿಲ್ಲೆ, ಮಣೆ ಎಂದ ಆಟದ ಹೆಸರು ‘ಸ್ಕ್ರ್ಯಾಬಲ್’. ಇದನ್ನು ಹುಟ್ಟಿಸಿದವನು ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕುಳಿತಾಗ ಅವನು ವೃತ್ತಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿದನು. ಆ ಎಣಿಕೆಯ ಆಧಾರದ ಮೇಲೆ ಇ ಅಕ್ಷರಕ್ಕೆ ೧೨ ಬಿಲ್ಲೆ, ಅಪರೂಪವಾದ ಕ್ಯೂ ಅಕ್ಷರಕ್ಕೆ ಒಂದೇ ಬಿಲ್ಲೆ ಮತ್ತು ೧೦ ಅಂಕ, ಹೀಗೆ ೧೦೦ ಬಿಲ್ಲೆಗಳ ಲೆಕ್ಕ ಏರ್ಪಟ್ಟಿತು. ಎಸ್ ಅಕ್ಷರವು ಬಳಕೆಯಲ್ಲಿ ಹೇರಳವಾಗಿದ್ದರೂ ಅದಕ್ಕೆ ನಾಲ್ಕೇ ಬಿಲ್ಲೆ; ಇಲ್ಲವಾದರೆ ಎಲ್ಲರೂ ಏಕವಚನಕ್ಕೆ ಎಸ್ ಅಂಟಿಸಿ ಬಹುವಚನ ಮಾಡಿ ಸುಲಭವಾಗಿ ಅಂಕ ದೋಚಿಯಾರೆಂಬ ಮುನ್ನೆಚ್ಚರಿಕೆ. ೧೯೪೮ರಲ್ಲಿ ಜೇಮ್ಸ್ ಬ್ರೂನೊ ಎಂಬುವನು ಇದಕ್ಕೆ ಈಗಿನ ಹೆಸರನ್ನಿಟ್ಟು ಮಾರಾಟಕ್ಕೆ ತಂದನು. ೨೨೫ ಮನೆಗಳ ಮಣೆ, ಒಮ್ಮೆಗೆ ಕೈಯಲ್ಲಿ ಏಳು ಅಕ್ಷರ. ಏಳನ್ನೂ ಒಂದೇ ಪದದಲ್ಲಿ ಹೂಡಿದವನಿಗೆ ೫೦ ಅಂಕಗಳ ಇನಾಮು. ಇಂದು ಜಗತ್ತಿನ ಹೆಚ್ಚಿನ ದೇಶಗಳ ಪಂದ್ಯಗಳಲ್ಲಿ ಪ್ರಮಾಣವೆಂದು ಇಟ್ಟುಕೊಂಡಿರುವ ಕಾಲಿನ್ಸ್ ಪಟ್ಟಿಯಲ್ಲಿ ಸುಮಾರು ೨,೮೦,೦೦೦ ಪದಗಳಿವೆ. ಅವುಗಳಲ್ಲಿ ಎರಡೇ ಅಕ್ಷರದವು ೧೦೦ಕ್ಕೂ ಹೆಚ್ಚು. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವನೂ ಇವುಗಳಲ್ಲಿ ಬಹುಭಾಗವನ್ನು ಜೀವಮಾನದಲ್ಲಿ ಒಮ್ಮೆಯೂ ಆಡುವುದಿಲ್ಲ. ಪಂದ್ಯಕ್ಕೆ ಹೊರಟವನು ಅವನ್ನು ಅರ್ಥ ಬಿಟ್ಟು ಉರು ಹೊಡೆಯುತ್ತಾನೆ.

ಈ ಉರು ಹೊಡೆಯುವಿಕೆಯು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತನೇ ಸಾಕ್ಷಿ. ಇಂಗ್ಲಿಷಿನಲ್ಲಿ ಹಲವು ಸಲ ಜಗಜ್ಜೇತನಾದ ಈತನು ೨೦೧೫ರಲ್ಲಿ ಕೆಲವೇ ವಾರಗಳ ಕಾಲ ಫ್ರೆಂಚ್ ಪದಪಟ್ಟಿಯನ್ನು ಅಭ್ಯಾಸ ಮಾಡಿ, ಬೆಲ್ಜಿಯಮಿನಲ್ಲಿ ನಡೆದ ಫ್ರೆಂಚ್ ಭಾಷೆಯ ಜಾಗತಿಕ ಪಂದ್ಯವನ್ನು ಗೆದ್ದನು. ಫ್ರೆಂಚಿನಲ್ಲಿ ಸಂಭಾಷಣೆ ನಡೆಸಲು ಅವನಿಗೆ ಬಾರದು. ೨೦೨೪ರಲ್ಲಿ ಸ್ಪೇನಿನ ಗ್ರನಾಡಾ ನಗರದಲ್ಲಿ ಸ್ಪ್ಯಾನಿಷ್ ಭಾಷೆಯ ಪಂದ್ಯವನ್ನೂ ಗೆದ್ದನು; ಆ ಭಾಷೆಯೂ ಅವನಿಗೆ ಬಾರದು. ಆ ಭಾಷೆಯಲ್ಲಿ ಹುಟ್ಟಿ ಬೆಳೆದವರು, ಅದರಲ್ಲಿಯೇ ಜಗಳವಾಡಿ ಅದರಲ್ಲಿಯೇ ಜೋಗುಳ ಹಾಡಿದವರು, ಅದರ ಮಾತೊಂದನ್ನೂ ಆಡಲಾರದವನ ಮುಂದೆ ಸೋತರು. ಇದನ್ನು ಕೇಳಿ ನಗುವವರಿದ್ದಾರೆ. ಇದು ಭಾಷೆಗೆ ಆದ ಅವಮಾನವೆನ್ನುವವರೂ ಇದ್ದಾರೆ. ನಾವು ಅವಸರಪಟ್ಟು ತೀರ್ಪು ಕೊಡಬಾರದು.

ಏಕೆಂದರೆ ಈ ವಿವಾದವು ನಮ್ಮ ನಾಡಿಗೆ ಹೊಸದಲ್ಲ. ವೇದವನ್ನು ಕಲಿತೂ ಅರ್ಥವನ್ನರಿಯದವನು ಹೊರೆ ಹೊತ್ತ ಕಂಬಕ್ಕೆ ಸಮಾನನೆಂಬ ಅಭಿಪ್ರಾಯವು ಯಾಸ್ಕನ ನಿರುಕ್ತದಲ್ಲಿದೆ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ವಾದಿಸಿದ ಕೌತ್ಸನ ಮತವನ್ನೂ ಅದೇ ಗ್ರಂಥವು ಎತ್ತಿಕೊಂಡು ಖಂಡಿಸುತ್ತದೆ. ಕಾಳಿದಾಸನು ರಘುವಂಶದ ಆರಂಭದಲ್ಲಿ ಪಾರ್ವತೀಪರಮೇಶ್ವರರನ್ನು ನೆನೆಯುವಾಗ, ಅವರ ಅಗಲದ ಕೂಟಕ್ಕೆ ಮಾತು ಮತ್ತು ಅರ್ಥಗಳ ಕೂಟವನ್ನೇ ಉಪಮಾನವಾಗಿ ಕೊಟ್ಟನು. ಇದು ಒಂದು ಪಕ್ಷ. ಇನ್ನೊಂದು ಪಕ್ಷವೂ ಉಂಟು. ಅರ್ಥವನ್ನು ಅಷ್ಟಾಗಿ ವಿಚಾರಿಸದೆ, ಪದ, ಕ್ರಮ, ಜಟೆ, ಘನವೆಂಬ ಪಾಠಗಳಲ್ಲಿ ಪದಗಳನ್ನು ಹಿಂದುಮುಂದು ಹೆಣೆದು ಬಾಯಿಪಾಠ ಮಾಡಿದವರಿಂದಲೇ ಆ ವೇದವು ಅಕ್ಷರ ಕೆಡದಂತೆ ಉಳಿದು ಬಂತು. ಕಂಬವು ಹೊತ್ತದ್ದರಿಂದಲೇ ಮಾಡು ನಿಂತಿತು. ಜನರ ಬಾಯಲ್ಲಿರುವ ವಾಲ್ಮೀಕಿಯ ಕಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಾಮನೆನ್ನಲು ಬಾರದ ಬೇಡನು ‘ಮರಾ, ಮರಾ’ ಎಂದು ಜಪಿಸುತ್ತಿರಲು, ಅಕ್ಷರಗಳು ತಾವಾಗಿ ಸ್ಥಾನ ಬದಲಿಸಿ ರಾಮನಾಮವಾಯಿತಂತೆ. ಅರ್ಥವು ತಿಳಿಯದ ಅಕ್ಷರವನ್ನು ಶ್ರದ್ಧೆಯಿಂದ ಹಿಡಿದವನಿಗೆ ಅರ್ಥವು ತಾನೇ ಬಂದು ಒದಗೀತೆಂಬ ಭರವಸೆ ಆ ಕಥೆಯಲ್ಲಿದೆ. ಆದುದರಿಂದ ಅರ್ಥವಿಲ್ಲದೆ ಪದವನ್ನು ಹೊತ್ತವನನ್ನು ನಾವು ಸುಮ್ಮನೆ ತಿರಸ್ಕರಿಸುವಂತಿಲ್ಲ. ರಿಚರ್ಡ್ಸನ ಸಾಧನೆಯಲ್ಲಿಯೂ ಒಂದು ಶ್ರದ್ಧೆಯಿದೆ; ಲಕ್ಷಗಟ್ಟಲೆ ಪದಗಳಲ್ಲಿ ಒಂದು ಅಕ್ಷರವೂ ತಪ್ಪದಂತೆ ಕಾಯ್ದುಕೊಂಡ ನಿಷ್ಠೆಯಿದೆ. ಅದು ಭಾಷಾಜ್ಞಾನವಲ್ಲ, ನಿಜ. ಅದನ್ನು ಭಾಷಾಜ್ಞಾನವೆಂದು ಅವನೂ ಮಾರಲಿಲ್ಲ.

ಹಾಗಾದರೆ ಆಟದ ಮಣೆಯ ಮೇಲೆ ಪದಕ್ಕೆ ಅರ್ಥವೇ ಇಲ್ಲವೆಂದು ಒಪ್ಪಿಬಿಡೋಣವೆ? ಈ ಪ್ರಶ್ನೆಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಕಠಿಣವಾದ ಪರೀಕ್ಷೆ ಒದಗಿತು. ಪಂದ್ಯಗಳ ಪಟ್ಟಿಯಲ್ಲಿ ಜನಾಂಗ, ಮತ, ಲಿಂಗಗಳನ್ನು ಹಿಡಿದು ಮನುಷ್ಯರನ್ನು ಹೀಯಾಳಿಸುವ ಪದಗಳೂ ಬಹಳವಿದ್ದವು. ನಿಘಂಟು ಎಲ್ಲವನ್ನೂ ದಾಖಲಿಸಬೇಕಾದ ಪುಸ್ತಕವಾದ್ದರಿಂದ ಅವು ಅದರಲ್ಲಿದ್ದವು; ನಿಘಂಟಿನಿಂದ ಪಟ್ಟಿಗೆ ಬಂದವು. ಅಮೆರಿಕದಲ್ಲಿ ಕರಿಯ ಜನರ ಮೇಲಿನ ದೌರ್ಜನ್ಯದ ವಿರುದ್ಧ ದೊಡ್ಡ ಚಳವಳಿ ನಡೆದ ೨೦೨೦ರಲ್ಲಿ ಉತ್ತರ ಅಮೆರಿಕದ ಆಟಗಾರರ ಸಂಘವು ತನ್ನ ಪಟ್ಟಿಯಿಂದ ಇಂಥ ೨೦೦ಕ್ಕೂ ಹೆಚ್ಚು ಪದಗಳನ್ನು ತೆಗೆದುಹಾಕಿತು. ಮರುವರ್ಷ, ೨೦೨೧ರಲ್ಲಿ, ಉಳಿದ ದೇಶಗಳಲ್ಲಿ ಆಟದ ಒಡೆತನವುಳ್ಳ ಮ್ಯಾಟೆಲ್ ಕಂಪನಿಯು ಸುಮಾರು ೪೦೦ ಪದಗಳನ್ನು ತೆಗೆಸಿತು. ಆಟಗಾರರಲ್ಲಿ ಎರಡು ಪಕ್ಷಗಳಾದವು. ಮಣೆಯ ಮೇಲೆ ಪದವೆಂದರೆ ಅಂಕವುಳ್ಳ ಅಕ್ಷರಗಳ ಸಾಲು ಮಾತ್ರ. ಅದನ್ನು ಹೂಡುವವನು ಯಾರನ್ನೂ ಬೈಯುತ್ತಿಲ್ಲ. ಇಂದು ಇದನ್ನು ತೆಗೆದರೆ ನಾಳೆ ಇನ್ನೆಷ್ಟನ್ನು ತೆಗೆಯಬೇಕಾದೀತು ಎಂದು ಒಂದು ಪಕ್ಷ. ಎದುರಿಗೆ ಕುಳಿತವನು ಆ ಬೈಗುಳನ್ನು ಬೀದಿಯಲ್ಲಿ ಕೇಳಿ ಬಂದವನಾಗಿದ್ದರೆ, ಅವನ ಕಣ್ಣ ಮುಂದೆ ಅದನ್ನು ಜೋಡಿಸಿ ಅಂಕ ಎಣಿಸುವುದು ಆಟವೆ ಎಂದು ಇನ್ನೊಂದು ಪಕ್ಷ.

ಮೊದಲ ಪಕ್ಷದ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಪದವನ್ನು ಪಟ್ಟಿಯಿಂದ ಅಳಿಸಿದ ಮಾತ್ರಕ್ಕೆ ಬೀದಿಯಿಂದ ಅಳಿಯುವುದಿಲ್ಲ. ಯಾವುದು ಬೈಗುಳು, ಯಾವುದು ಅಲ್ಲವೆಂದು ನಿರ್ಣಯಿಸುವ ಅಧಿಕಾರವನ್ನು ಒಂದು ವ್ಯಾಪಾರ ಸಂಸ್ಥೆಯ ಕೈಗೆ ಕೊಡುವುದೂ ನಿರಾತಂಕವಾದ ಸಂಗತಿಯಲ್ಲ. ಅಂಥ ಪದಗಳನ್ನು ನಿಘಂಟಿನಿಂದಲೇ ಕಿತ್ತುಹಾಕುವುದಾದರೆ ಅದು ಇತಿಹಾಸವನ್ನು ಮುಚ್ಚಿಡುವ ಅಪಚಾರವಾದೀತು. ಆದರೆ ಪದವು ಬರಿಯ ಅಕ್ಷರಗಳ ಸಾಲೆಂಬ ಅವರ ಮೂಲವಾದವು ನಿಲ್ಲುವುದಿಲ್ಲ. ಹಾಗಿದ್ದಿದ್ದರೆ ೭೨೦ ಸಾಲುಗಳಲ್ಲಿ ಐದನ್ನು ಮಾತ್ರ ಆರಿಸಿ ಉಳಿದವನ್ನು ತಳ್ಳಿದ್ದೇಕೆ? ಆ ಐದು ಪದಗಳಾದದ್ದು ಯಾರೋ ಎಲ್ಲಿಯೋ ಅವನ್ನು ಅರ್ಥವಿಟ್ಟು ಆಡಿದ್ದರಿಂದ. ಪದಕ್ಕೆ ಅಂಕ ಸಲ್ಲುವುದೇ ಆ ಅರ್ಥದ ಬಲದಿಂದ. ಅರ್ಥವು ತಂದುಕೊಟ್ಟ ಅಂಕವನ್ನು ಎಣಿಸಿಕೊಂಡು, ಅರ್ಥವು ತರುವ ಹೊಣೆಯನ್ನು ಮಾತ್ರ ಒಲ್ಲೆನೆನ್ನುವುದು ನ್ಯಾಯವಾಗದು. ಆಟದ ಕಟ್ಟಳೆಯು ಅರ್ಥವನ್ನು ಬಾಗಿಲ ಹೊರಗೆ ನಿಲ್ಲಿಸಬಹುದು. ಅದು ಹೊರಗೆ ನಿಂತಿರುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಗಡಿನಾಡುಗಳಲ್ಲಿ ಬಾಳುವ ನಮಗೆ ಇದನ್ನು ತಿಳಿಯಲು ಸ್ಕ್ರ್ಯಾಬಲ್ ಮಣೆಯೇ ಬೇಕಾಗಿಲ್ಲ. ಮನೆಯಲ್ಲಿ ಒಂದು ನುಡಿ, ಅಂಗಡಿಬೀದಿಯಲ್ಲಿ ಇನ್ನೊಂದು, ಕಚೇರಿಯ ಫಲಕದ ಮೇಲೆ ಮತ್ತೊಂದು ಲಿಪಿ. ನೆರೆಭಾಷೆಯ ಅಕ್ಷರಗಳನ್ನು ಕೂಡಿಸಿ ಬಸ್ಸಿನ ಹಲಗೆಯನ್ನು ಓದಬಲ್ಲವರಾಗಿದ್ದೂ, ಅದೇ ಭಾಷೆಯಲ್ಲಿ ಬಂದ ಸರಕಾರಿ ಕಾಗದದ ತಾತ್ಪರ್ಯ ತಿಳಿಯದೆ ಇನ್ನೊಬ್ಬರ ಕೈಗೆ ಕೊಡುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಅಕ್ಷರವು ಸಿಕ್ಕಿದ್ದಕ್ಕೂ ಪದವು ದಕ್ಕಿದ್ದಕ್ಕೂ ಇರುವ ಅಂತರವನ್ನು ಅವರು ದಿನದಿನವೂ ಅನುಭವಿಸುತ್ತಾರೆ. ಇನ್ನೊಂದು ಸಂಗತಿಯುಂಟು. ನೆರೆಯವರ ಭಾಷೆಯಿಂದ ನಮ್ಮ ಮಕ್ಕಳು ಮೊದಮೊದಲು ಕಲಿತು ಬರುವ ಪದಗಳಲ್ಲಿ ಬೈಗುಳೂ ಸೇರಿರುತ್ತದೆ. ಅದರ ನಾದ ಚೆನ್ನಾಗಿರುತ್ತದೆ, ಅರ್ಥ ತಿಳಿದಿರುವುದಿಲ್ಲ. ಮಗು ಅದನ್ನು ಬೀದಿಯಲ್ಲಿ ಕೂಗಿದಾಗ, ಕೂಗಿದ ಮಗುವಿಗೆ ಅದು ಬರಿಯ ಸದ್ದು. ಕೇಳಿದವರಿಗೆ ಮಾತ್ರ ಅದು ಮಾತು. ಆಗ ತಾಯಿಯು ಮಗುವನ್ನು ಅಪರಾಧಿಯೆಂದು ಹೊಡೆಯುವುದಿಲ್ಲ. “ಹಾಗನ್ನಬಾರದು ಮಗಾ, ಅದು ಕೆಟ್ಟ ಮಾತು” ಎಂದು ತಿಳಿಹೇಳುತ್ತಾಳೆ. ಅರ್ಥ ತಿಳಿಯದಿದ್ದಾಗ ಆಡಿದ್ದಕ್ಕೆ ಕ್ಷಮೆಯುಂಟು. ತಿಳಿದ ಮೇಲೆಯೂ ಆಡಿದರೆ ಅದು ಆಡಿದವನ ಮಾತೇ ಆಗುತ್ತದೆ. ಮಗುವಿಗೆ ಒಪ್ಪುವ ಈ ನ್ಯಾಯವು ಪಂದ್ಯದ ಆಟಗಾರನಿಗೂ ಒಪ್ಪುತ್ತದೆ.

ಇಷ್ಟರಿಂದ ನಾವು ಕಂಡುಕೊಳ್ಳಬಹುದಾದುದೇನು? ಅಕ್ಷರಗಳೊಡನೆ ಆಡುವುದು ನಿರ್ದೋಷವಾದ ಸಂತೋಷ. ಅದರಿಂದ ಬುದ್ಧಿ ಚುರುಕಾಗುತ್ತದೆ, ಭಾಷೆಯ ಒಳಗಟ್ಟು ಕಣ್ಣಿಗೆ ಬೀಳುತ್ತದೆ. ಯಂತ್ರದ ನೆರವನ್ನು ಬಚ್ಚಿಡದೆ ಪಡೆದರೆ ಅದಕ್ಕೂ ಅಡ್ಡಿಯಿಲ್ಲ. ಅರ್ಥ ತಿಳಿಯದ ಪದವನ್ನು ನೆನಪಿನಲ್ಲಿ ಹೊತ್ತವನೂ ನಿಷ್ಠೆಯುಳ್ಳವನಾದರೆ ಗೌರವಕ್ಕೆ ಅರ್ಹನೇ. ಆದರೆ ಪ್ರತಿಯೊಂದು ಪದದ ಹಿಂದೆಯೂ ಅದನ್ನು ಆಡಿದವರೂ ಅದನ್ನು ಕೇಳಿ ನಲಿದವರೂ ನೊಂದವರೂ ಇರುತ್ತಾರೆ. ಪದವನ್ನು ಹೆಕ್ಕಿ ತೆಗೆದವನು ಅವರ ಸೊತ್ತನ್ನು ಕೈಯಲ್ಲಿ ಹಿಡಿದಿರುತ್ತಾನೆ. ಎರವಲು ತಂದ ಪಾತ್ರೆಯನ್ನು ಹೇಗೆ ಬಳಸುತ್ತೇವೋ ಹಾಗೆ ಅದನ್ನು ಬಳಸಬೇಕು. ನಮ್ಮ ಮಕ್ಕಳು ಮೊಬೈಲಿನಲ್ಲಿ ಈ ಆಟವನ್ನು ಧಾರಾಳವಾಗಿ ಆಡಲಿ. ದಿನಕ್ಕೆ ಸಿಕ್ಕಿದ ಹತ್ತು ಪದಗಳಲ್ಲಿ ಒಂದೆರಡರ ಅರ್ಥವನ್ನಾದರೂ ನಿಘಂಟಿನಲ್ಲಿ ನೋಡುವ ರೂಢಿಯನ್ನು ಅವರಲ್ಲಿ ಬೆಳೆಸಿದರೆ, ಸಿಕ್ಕಿದ ಪದಗಳಲ್ಲಿ ಕೆಲವಾದರೂ ದಕ್ಕುತ್ತವೆ. ಹಿರಿಯರಾದ ನಾವೂ ಅವರ ಪಕ್ಕದಲ್ಲಿ ಕುಳಿತು ನೋಡಿದರೆ ನಮಗೇನೂ ನಷ್ಟವಿಲ್ಲವೆಂದು ನಮ್ಮ ನಮ್ರ ಅಭಿಪ್ರಾಯ.